ಶೂಟಿಂಗ್ ರೇಂಜಿನಲ್ಲಿ ಬಾರ್ ಬೇಡ

ಚಿಕ್ಕಬಳ್ಳಾಪುರದ ಸುತ್ತಮುತ್ತ, ಅದರಲ್ಲೂ ನಂದಿ ಬೆಟ್ಟದ ತಪ್ಪಲಿನಿಂದ ಸ್ಕಂದಗಿರಿಯ ಕಡೆಗೆ ಹೋಗುವ ರಸ್ತೆಗಳ ಅಕ್ಕಪಕ್ಕದಲ್ಲಿ, ದ್ರಾಕ್ಷಿ ತೋಟಗಳ ನಡುವೆ ಒಂದರ ಹಿಂದೊಂದು ರೆಸಾರ್ಟು ಏಳುತ್ತಿರುವುದನ್ನು ಇಲ್ಲಿನವರೆಲ್ಲ ನೋಡುತ್ತಿದ್ದೇವೆ. ಬೆಂಗಳೂರಿನಿಂದ ವಾರಾಂತ್ಯಕ್ಕೆ ಬರುವವರಿಗೆ ಈಜುಕೊಳ ಮತ್ತು ಊಟ ಮಾತ್ರ ಸಾಲದು ಎಂದು ಮಾಲೀಕರು ಬಿಲ್ಲುಗಾರಿಕೆ, ಏರ್ ರೈಫಲ್ ಮುಂತಾದ ಆಟಗಳನ್ನೂ ಸೇರಿಸುತ್ತಿದ್ದಾರೆ. ಇಂಥದ್ದೇ ಒಂದು ಯೋಜನೆ ಹಾಕಿಕೊಂಡಿರುವ ಪರಿಚಯಸ್ಥರೊಬ್ಬರು, ನಾನು ಊರಿನಲ್ಲಿ ಹತ್ತು ಮೀಟರ್ ರೇಂಜೊಂದರಲ್ಲಿ (ಅಷ್ಟು ದೂರದ ಗುರಿಗೆ ಏರ್‌ಗನ್ ಹೊಡೆಯುವ ಜಾಗ) ಭಾನುವಾರ ಮಕ್ಕಳಿಗೆ ಹೇಳಿಕೊಡಲು ಹೋಗುತ್ತೇನೆಂಬ ಕಾರಣಕ್ಕೆ, ತಮ್ಮ ನಕ್ಷೆಯನ್ನು ನನ್ನ ಮುಂದೆ ಹರಡಿದರು. ಅದರಲ್ಲಿ ಹತ್ತು ಮೀಟರ್ ರೇಂಜು ಇತ್ತು. ಅದಕ್ಕೆ ಅಂಟಿಕೊಂಡಂತೆ, ಗಾಜಿನ ಗೋಡೆಯ ಈಚೆಗೆ, ಬಾರ್ ಕೌಂಟರೂ ಇತ್ತು. "ಶೂಟಿಂಗ್ ಮುಗಿಸಿ ಆಚೆ ಬಂದೋರಿಗೆ ತಾನೇ ಕೊಡೋದು ಸಾರ್, ಅದರಲ್ಲೇನು ತಪ್ಪು?" ಎಂದು ಅವರು ಕೇಳಿದರು. ಬೇಡ ಎಂದು ನಾನು ಅಲ್ಲೇ ಹೇಳಿದೆ. ಆದರೆ ದುಡ್ಡು ಹಾಕಲು ಹೊರಟವರಿಗೆ ಬರೀ 'ಬೇಡ' ಎಂದರೆ ಸಾಲದು. ಕಾರಣಗಳನ್ನು ಪೂರ್ತಿಯಾಗಿ ಹೇಳಬೇಕು ಎನಿಸಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಅವರ ಪ್ರಶ್ನೆಯನ್ನು ಹುಡುಗಾಟ ಎಂದು ತಳ್ಳಿಹಾಕುವಂತಿಲ್ಲ, ಏಕೆಂದರೆ ಹೊರದೇಶಗಳಲ್ಲಿ ಇದು ನಡೆದುಬಂದಿದೆ. ಅಮೆರಿಕದ ಒಕ್ಲಹಾಮಾ ನಗರದಲ್ಲಿ 2014ರಲ್ಲಿ ಶೂಟಿಂಗ್ ರೇಂಜೊಂದರ ಒಳಗಿನ ರೆಸ್ಟೋರೆಂಟಿನಲ್ಲಿ ಮದ್ಯ ನೀಡುವ ಪ್ರಸ್ತಾವ ಬಂದಾಗ ದೊಡ್ಡ ಚರ್ಚೆಯೇ ಆಯಿತು. ಮದ್ಯ ಕೊಂಡವರ ಗುರುತಿನ ಚೀಟಿಯನ್ನು ಸ್ಕ್ಯಾನ್ ಮಾಡಿ, ಆ ದಿನ ಅವರ ಕೈಗೆ ಮತ್ತೆ ಬಂದೂಕು ಸಿಗದಂತೆ ನೋಡಿಕೊಳ್ಳುತ್ತೇವೆ ಎಂಬುದು ಮಾಲೀಕರ ಕಡೆಯ ಭರವಸೆಯಾಗಿತ್ತು. ಜರ್ಮನಿಯ ಹಳ್ಳಿ ಹಳ್ಳಿಗಳಲ್ಲಿ ಶತಮಾನಗಳಿಂದ ನಡೆದುಬಂದ ಗುರಿಕಾರರ ಸಂಘಗಳಿವೆ. ಅವುಗಳ ವಾರ್ಷಿಕ ಹಬ್ಬವನ್ನು ಬಿಯರ್ ಡೇರೆಗಳಿಲ್ಲದೆ ಊಹಿಸಿಕೊಳ್ಳುವುದೂ ಕಷ್ಟ. ಇಂಗ್ಲೆಂಡಿನ ಬಿಸ್ಲಿಯ ಹೆಸರಾಂತ ರೇಂಜುಗಳ ಸುತ್ತ ಇರುವ ಕ್ಲಬ್ ಮನೆಗಳಲ್ಲಿ ಬಾರುಗಳಿವೆ. ಅಲ್ಲೆಲ್ಲ ನಡೆಯುತ್ತಿರುವುದು ಇಲ್ಲೇಕೆ ನಡೆಯಬಾರದು ಎಂದು ಕೇಳುವವರಿಗೆ ಉತ್ತರ ಕೊಡಲೇಬೇಕು.

ಬಿಸ್ಲಿಯಲ್ಲಾಗಲಿ ಜರ್ಮನಿಯ ಹಳ್ಳಿಯ ಸಂಘದಲ್ಲಾಗಲಿ ಬಾರಿನಲ್ಲಿ ಕೂರುವವರು ಬಹುಪಾಲು ಸದಸ್ಯರು. ಒಬ್ಬರ ಮುಖ ಇನ್ನೊಬ್ಬರಿಗೆ ವರ್ಷಗಳಿಂದ ಪರಿಚಯ. ಕುಡಿದು ಫೈರಿಂಗ್ ಲೈನಿಗೆ, ಅಂದರೆ ಗುಂಡು ಹೊಡೆಯಲು ನಿಲ್ಲುವ ಗೆರೆಗೆ, ಬಂದವನನ್ನು ಪಕ್ಕದವನೇ ಹೊರಗೆ ಕಳಿಸುತ್ತಾನೆ, ಕಳಿಸಿದ್ದಕ್ಕೆ ಯಾರೂ ಬೇಸರಪಡುವುದಿಲ್ಲ, ಮತ್ತು ಸದಸ್ಯತ್ವ ಹೋದರೆ ಬಂದೂಕು ಇಟ್ಟುಕೊಳ್ಳುವುದೇ ಕಷ್ಟವಾಗುತ್ತದೆ ಎಂಬ ಭಯವೂ ಇರುತ್ತದೆ. ಇಂಗ್ಲೆಂಡಿನಲ್ಲಂತೂ ಗುಂಡು ತುಂಬಿದ ಬಂದೂಕು ಹಿಡಿದು ಕುಡಿದ ಅಮಲಿನಲ್ಲಿರುವುದನ್ನು 1872ರ ಕಾನೂನೇ ಅಪರಾಧ ಎಂದು ಸಾರಿದೆ. ನಮ್ಮ ತಪ್ಪಲಿನ ರೆಸಾರ್ಟಿಗೆ ಬರುವವರು ಶನಿವಾರ ಮಧ್ಯಾಹ್ನ ಬಂದು ಭಾನುವಾರ ಸಂಜೆ ಹೊರಡುವ ಅತಿಥಿಗಳು. ಅವರು ಯಾರೆಂದು ರೇಂಜಿನವರಿಗೆ ಗೊತ್ತಿಲ್ಲ, ರೇಂಜಿನ ಶಿಸ್ತು ಏನೆಂದು ಅವರಿಗೂ ಗೊತ್ತಿಲ್ಲ. ಬಾರನ್ನು ಅಲ್ಲಿಂದ ತರಬಹುದು. ಅದನ್ನು ಅಂಕೆಯಲ್ಲಿಟ್ಟಿರುವ ಆ ಸಂಘಜೀವನವನ್ನು ತರುವುದು ಹೇಗೆ?

ಇನ್ನು ಮದ್ಯ ದೇಹದಲ್ಲಿ ಮಾಡುವ ಕೆಲಸದ ಬಗ್ಗೆ. ನಮ್ಮಲ್ಲಿ ಮಾರುವ ವಿಸ್ಕಿ, ಬ್ರಾಂದಿಗಳಲ್ಲಿ ಸಾಮಾನ್ಯವಾಗಿ ಶೇ 42.8ರಷ್ಟು ಮದ್ಯಸಾರ ಇರುತ್ತದೆ. ಒಂದು ಲಾರ್ಜ್ ಎಂದರೆ 60 ಮಿಲಿಲೀಟರ್. ಅದರಲ್ಲಿ ಸುಮಾರು 20 ಗ್ರಾಂ ಮದ್ಯಸಾರ ಹೊಟ್ಟೆಗೆ ಹೋಗುತ್ತದೆ. ಅರವತ್ತೈದು ಕಿಲೋ ತೂಕದ ಗಂಡಸು ಖಾಲಿ ಹೊಟ್ಟೆಯಲ್ಲಿ ಇಷ್ಟು ಕುಡಿದರೆ ಅವನ ನೂರು ಮಿಲಿಲೀಟರ್ ರಕ್ತದಲ್ಲಿ 45 ಮಿಲಿಗ್ರಾಂ ಆಸುಪಾಸಿನ ಮದ್ಯಸಾರ ಸೇರಬಹುದು. ಹೆಂಗಸರಲ್ಲಿ ಮತ್ತು ತೂಕ ಕಡಿಮೆ ಇರುವವರಲ್ಲಿ ಇದು ಇನ್ನೂ ಹೆಚ್ಚು. ಯಕೃತ್ತು ರಕ್ತದಲ್ಲಿನ ಆ ಮಟ್ಟವನ್ನು ಗಂಟೆಗೆ ಸುಮಾರು 15 ಮಿಲಿಗ್ರಾಂ ಲೆಕ್ಕದಲ್ಲಿ ಮಾತ್ರ ಇಳಿಸುತ್ತದೆ. ಕಾಫಿ, ಮಜ್ಜಿಗೆ, ತಣ್ಣೀರು ಸ್ನಾನ ಯಾವುದೂ ಅದರ ವೇಗ ಹೆಚ್ಚಿಸುವುದಿಲ್ಲ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಇಟ್ಟಿರುವ ಮಿತಿ 30 ಮಿಲಿಗ್ರಾಂ. ಅಂದರೆ ಒಂದೇ ಒಂದು ಲಾರ್ಜ್ ಹಾಕಿದವನು ಸ್ಕೂಟರ್ ಓಡಿಸಲೂ ಅರ್ಹನಲ್ಲ. ಮೊದಲ ಸಲ ಸಿಕ್ಕಿಬಿದ್ದರೆ 10,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ಸ್ಕೂಟರಿಗೇ ಇಷ್ಟು ಕಟ್ಟುನಿಟ್ಟು ಇರುವಾಗ ಬಂದೂಕಿಗೆ ಅದಕ್ಕಿಂತ ಸಡಿಲವಾದ ನಿಯಮ ಇರಲಿ ಎಂದು ವಾದಿಸುವುದು ನನಗಂತೂ ಸಾಧ್ಯವಿಲ್ಲ.

ಇಲ್ಲಿ ಒಂದು ಹಳೆಯ ವಾದ ಎದ್ದೇಳುತ್ತದೆ. ಒಂದು ಸ್ಮಾಲ್ ಹಾಕಿದರೆ ಕೈ ನಡುಗುವುದಿಲ್ಲ, ಗುರಿ ಇನ್ನೂ ಚೆನ್ನಾಗಿ ಕೂರುತ್ತದೆ ಎಂದು ಹೇಳುವವರು ಎಲ್ಲ ಊರಿನಲ್ಲೂ ಇದ್ದಾರೆ. ಇದು ಪೂರ್ತಿ ಸುಳ್ಳೂ ಅಲ್ಲ, ಅದಕ್ಕೇ ಇದು ಅಪಾಯಕಾರಿ. 1968ರ ಮೆಕ್ಸಿಕೋ ಒಲಿಂಪಿಕ್ಸ್‌ನಲ್ಲಿ ಸ್ವೀಡನ್ನಿನ ಆಧುನಿಕ ಪೆಂಟಾಥ್ಲಾನ್ (ಪಿಸ್ತೂಲೂ ಸೇರಿದ ಐದು ಆಟಗಳ ಸ್ಪರ್ಧೆ) ಸ್ಪರ್ಧಿ ಹ್ಯಾನ್ಸ್ ಗುನ್ನಾರ್ ಲಿಲ್ಯೆನ್‌ವಾಲ್ ಪಿಸ್ತೂಲಿನ ಸುತ್ತಿಗೆ ಮುನ್ನ ಮನಸ್ಸು ಹತೋಟಿಗೆ ಬರಲೆಂದು ಎರಡು ಬಿಯರ್ ಕುಡಿದಿದ್ದಾಗಿ ಹೇಳಿದರು. ಉದ್ದೀಪನದ ಕಾರಣಕ್ಕೆ ಒಲಿಂಪಿಕ್ಸ್‌ನಿಂದ ಅನರ್ಹರಾದ ಮೊದಲ ಸ್ಪರ್ಧಿ ಅವರೇ. ಅವರ ತಂಡ ಗೆದ್ದಿದ್ದ ಕಂಚಿನ ಪದಕವೂ ಕೈಬಿಟ್ಟಿತು. 2008ರ ಬೀಜಿಂಗ್‌ನಲ್ಲಿ ಉತ್ತರ ಕೊರಿಯಾದ ಪಿಸ್ತೂಲ್ ಸ್ಪರ್ಧಿ ಕಿಮ್ ಜಾಂಗ್ ಸು ಎದೆಬಡಿತ ಇಳಿಸುವ ಪ್ರೊಪ್ರಾನೊಲೊಲ್ ಮಾತ್ರೆಯ ಕಾರಣದಿಂದ ಒಂದು ಬೆಳ್ಳಿ, ಒಂದು ಕಂಚು ಎರಡನ್ನೂ ಕಳೆದುಕೊಂಡರು. ಕೈಯ ನಡುಕವನ್ನು ಹೊರಗಿನ ವಸ್ತುವಿನಿಂದ ಅಡಗಿಸುವುದನ್ನು ಈ ಕ್ರೀಡೆ ಮೋಸ ಎಂದೇ ಕಾಣುತ್ತದೆ.

ಆದರೆ ನನ್ನ ಮಟ್ಟಿಗೆ ನಡುಕ ಇಲ್ಲಿ ಮುಖ್ಯ ವಿಷಯವೇ ಅಲ್ಲ. ರೇಂಜಿನಲ್ಲಿ ಮೊದಲ ತಿಂಗಳುಗಳಲ್ಲಿ ನಾವು ಮಕ್ಕಳಿಗೆ ಕಲಿಸುವ ಅತ್ಯಂತ ಕಷ್ಟದ ಪಾಠ ಗುಂಡು ಹೊಡೆಯುವುದಲ್ಲ, ಹೊಡೆಯದೆ ಬಂದೂಕು ಇಳಿಸುವುದು. ಏರ್ ರೈಫಲ್ ಗುರಿಯ ನಡುವಿನ, ಹತ್ತು ಅಂಕದ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್. ಅದರತ್ತ ಹಾರುವ ಪೆಲೆಟ್ಟಿನ, ಅಂದರೆ ಏರ್‌ಗನ್ನಿನ ಸಣ್ಣ ಗುಂಡಿನ, ಅಗಲವೇ ನಾಲ್ಕೂವರೆ ಮಿಲಿಮೀಟರ್. ಹುಡುಗಿಯೊಬ್ಬಳು ರೈಫಲ್ಲನ್ನು ಭುಜಕ್ಕೆ ಏರಿಸಿ, ಕೆನ್ನೆಯನ್ನು ಹಿಡಿಮರಕ್ಕೆ ಒತ್ತಿ, ಉಸಿರನ್ನು ಅರ್ಧಕ್ಕೆ ನಿಲ್ಲಿಸಿ, ಹಿಂದಿನ ಕಿಂಡಿಯ ವೃತ್ತದೊಳಗೆ ಮುಂದಿನ ಉಂಗುರವನ್ನೂ ಅದರೊಳಗೆ ಕಪ್ಪು ಗುರಿಯನ್ನೂ ಕೂರಿಸಿಕೊಳ್ಳುತ್ತಾಳೆ. ಐದಾರು ಸೆಕೆಂಡಿನವರೆಗೆ ಎಲ್ಲವೂ ನೆಟ್ಟಗಿರುತ್ತದೆ. ಅಷ್ಟರಲ್ಲಿ ಬೆರಳು ಟ್ರಿಗರ್ ಒತ್ತದೆ ಉಳಿದರೆ ಕಣ್ಣು ದಣಿಯುತ್ತದೆ, ಎಡ ಮೊಣಕೈಯಲ್ಲಿ ಸಣ್ಣ ಕಂಪನ ಶುರುವಾಗುತ್ತದೆ, ಉಂಗುರ ಕಪ್ಪಿನ ಸುತ್ತ ಅಲೆಯತೊಡಗುತ್ತದೆ. ಆಗ ಮನಸ್ಸು 'ಆದದ್ದಾಗಲಿ, ಒತ್ತಿಬಿಡು' ಎನ್ನುತ್ತದೆ. ಅಭ್ಯಾಸವಿದ್ದವಳು ಆ ಮಾತು ಕೇಳುವುದಿಲ್ಲ. ಬೆರಳನ್ನು ಟ್ರಿಗರಿನಿಂದ ಹೊರಗೆ ತೆಗೆಯುತ್ತಾಳೆ, ನಳಿಗೆಯನ್ನು ಗುರಿಯ ಕಡೆಗೇ ಇಟ್ಟುಕೊಂಡು ಬಂದೂಕನ್ನು ಸ್ಟ್ಯಾಂಡಿಗೆ ಇಳಿಸುತ್ತಾಳೆ, ನಾಲ್ಕು ಉಸಿರು ತೆಗೆದುಕೊಂಡು ಮೊದಲಿನಿಂದ ಶುರು ಮಾಡುತ್ತಾಳೆ. ಅರವತ್ತು ಗುಂಡಿನ ಸ್ಪರ್ಧೆಗೆ 75 ನಿಮಿಷ ಕೊಡುವುದರಿಂದ ಹೀಗೆ ಇಳಿಸಿ ಏರಿಸಲು ಸಾಕಷ್ಟು ಸಮಯವೂ ಇರುತ್ತದೆ.

2008ರ ಅದೇ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಏರ್ ರೈಫಲ್ ಚಿನ್ನ ಗೆದ್ದ ಫೈನಲಿನ ಕೊನೆಯ ಗುಂಡಿಗೆ ಮುನ್ನ ಅವರೂ ಫಿನ್ಲೆಂಡಿನ ಹೆನ್ರಿ ಹ್ಯಾಕಿನೆನ್ ಅವರೂ ಸಮಸಮ ಇದ್ದರು. ಒಂದು ಗುಂಡಿಗೆ ಗರಿಷ್ಠ 10.9 ಅಂಕ ಸಿಗುವ ಫೈನಲಿನಲ್ಲಿ ಬಿಂದ್ರಾ ಅವರದು 10.8 ಬಿತ್ತು, ಹ್ಯಾಕಿನೆನ್ ಅವರದು 9.7. ಎದುರಾಳಿ ಪಕ್ಕದಲ್ಲೇ ನಿಂತಿರುವಾಗ, ಇಡೀ ದೇಶ ನೋಡುತ್ತಿರುವಾಗ, ಸರಿಯಾದ ಕ್ಷಣ ಬರುವವರೆಗೆ ಬೆರಳನ್ನು ತಡೆದು ನಿಲ್ಲಿಸುವ ಆ ಶಕ್ತಿಯೇ ಈ ಕ್ರೀಡೆಯ ಜೀವಾಳ. ಮದ್ಯ ಮೊದಲು ಕದಿಯುವುದು ಇದನ್ನೇ. ಕಾಲು ತಡವರಿಸುವುದಕ್ಕೂ, ನಾಲಿಗೆ ತೊದಲುವುದಕ್ಕೂ ಬಹಳ ಮೊದಲೇ 'ಬೇಡ, ಈಗ ಬೇಡ' ಎನ್ನುವ ವಿವೇಕ ಸಡಿಲವಾಗುತ್ತದೆ, ಧೈರ್ಯ ಮಾತ್ರ ಹೆಚ್ಚುತ್ತದೆ. ಹೊರಗಿನಿಂದ ನೋಡಿದವರಿಗೆ ಆ ಮನುಷ್ಯ ನೆಟ್ಟಗೆ ನಿಂತಿರುತ್ತಾನೆ, ಕೈಯೂ ನಡುಗುತ್ತಿರುವುದಿಲ್ಲ. ಹಾಗಾಗಿ 'ನೋಡಿದರೆ ಗೊತ್ತಾಗುತ್ತೆ, ತಡೆಯುತ್ತೇವೆ' ಎಂಬ ಭರವಸೆಯನ್ನು ನಾನು ನಂಬುವುದಿಲ್ಲ.

ಇನ್ನು 'ಶೂಟಿಂಗ್ ಮುಗಿದ ಮೇಲೆ ಮಾತ್ರ' ಎಂಬ ನಿಯಮ. ಕಾಗದದ ಮೇಲೆ ಇದು ಸರಿಯಾಗಿಯೇ ಕಾಣುತ್ತದೆ. ಆದರೆ ಅದನ್ನು ಜಾರಿ ಮಾಡುವವರು ಯಾರು ಎಂದು ಕೇಳಿ ನೋಡಿ. ಇಂಥ ರೆಸಾರ್ಟುಗಳ ಆಟದ ಅಂಗಳದಲ್ಲಿ ನಿಲ್ಲುವುದು ಪಕ್ಕದ ಹಳ್ಳಿಯ ಇಪ್ಪತ್ತು ಇಪ್ಪತ್ತೆರಡು ವರ್ಷದ ಹುಡುಗ. ಪೆಲೆಟ್ ತುಂಬಿಸಿಕೊಡುವುದು, ಬಲೂನು ಕಟ್ಟುವುದು, ಟೋಕನ್ ಹರಿಯುವುದು ಎಲ್ಲವೂ ಅವನದೇ ಕೆಲಸ. ರಾತ್ರಿಗೆ ಹತ್ತು ಸಾವಿರ ಕೊಟ್ಟು ಕೋಣೆ ಹಿಡಿದಿರುವ ಅತಿಥಿ ಬಾಯಿಂದ ವಾಸನೆ ಹೊಡೆಯುತ್ತಿದ್ದರೂ "ಇನ್ನೊಂದು ರೌಂಡ್ ಕೊಡಪ್ಪ" ಎಂದರೆ, "ಆಗಲ್ಲ ಸಾರ್, ನೀವು ಕುಡಿದಿದ್ದೀರಿ" ಎನ್ನುವ ಧೈರ್ಯ ಆ ಹುಡುಗನಿಗೆ ಎಲ್ಲಿಂದ ಬರಬೇಕು? ಹಾಗೆ ಹೇಳಿದರೆ ಅತಿಥಿ ಮ್ಯಾನೇಜರನ್ನು ಕರೆಸುತ್ತಾರೆ, ಮ್ಯಾನೇಜರು ಇಂಟರ್‌ನೆಟ್ಟಿನಲ್ಲಿ ಬೀಳುವ ನಕ್ಷತ್ರಗಳ ಬಗ್ಗೆ ಯೋಚಿಸುತ್ತಾರೆ, ಕೊನೆಗೆ ಮಾತು ಕೇಳಿಸಿಕೊಳ್ಳುವುದು ಹುಡುಗನೇ. ಜೀವದ ಪ್ರಶ್ನೆಯನ್ನು, ಇರುವವರಲ್ಲಿ ಅತ್ಯಂತ ದುರ್ಬಲನಾದವನ ತಲೆಗೆ ಕಟ್ಟುವ ನಿಯಮವನ್ನು ನಾನು ನಿಯಮ ಎಂದು ಒಪ್ಪುವುದಿಲ್ಲ. ಬಾರೇ ಇಲ್ಲದಿದ್ದರೆ ಆ ಹುಡುಗ ಯಾರ ಜೊತೆಗೂ ವಾದಿಸಬೇಕಾಗಿಲ್ಲ.

ಜನ ಬರುವುದು ಗುಂಪಿನಲ್ಲಿ ಎಂಬುದನ್ನೂ ಮರೆಯಬಾರದು. ಆರು ಜನ ಸ್ನೇಹಿತರಲ್ಲಿ ಇಬ್ಬರು ಹೊಡೆಯುತ್ತಿರುವಾಗ ನಾಲ್ವರು ಗಾಜಿನ ಈಚೆ ಗ್ಲಾಸು ಹಿಡಿದಿರುತ್ತಾರೆ. ಆ ನಾಲ್ವರಲ್ಲಿ ಒಬ್ಬ ಸ್ನೇಹಿತನ ಫೋಟೊ ತೆಗೆಯಲು ಲೈನಿನ ಮುಂದಕ್ಕೆ ಬಂದರೆ, ಅಥವಾ ಹಿಂದಿನಿಂದ ಭುಜ ತಟ್ಟಿದರೆ, ಬಂದೂಕು ಹಿಡಿದವನು ಸಹಜವಾಗಿ ಅವನ ಕಡೆಗೆ ತಿರುಗುತ್ತಾನೆ. ಹೊಸಬರಲ್ಲಿ ನಾನು ಹೆಚ್ಚಾಗಿ ಕಂಡಿರುವುದು ಇದನ್ನೇ: ಕರೆದವರ ಕಡೆಗೆ ದೇಹ ತಿರುಗುತ್ತದೆ, ದೇಹದೊಂದಿಗೆ ನಳಿಗೆಯೂ ತಿರುಗುತ್ತದೆ. ಕುಡಿಯದವರ ನಡುವೆಯೇ ಇದನ್ನು ತಡೆಯಲು ರೇಂಜ್ ಆಫೀಸರ್ ಮೈಯೆಲ್ಲಾ ಕಣ್ಣಾಗಿರಬೇಕು. 'ಸ್ಟಾಪ್' ಎಂದು ಕೂಗಿದ ಕೂಡಲೇ ಎಲ್ಲರೂ ಬೆರಳು ತೆಗೆದು, ಬಂದೂಕು ಇಳಿಸಿ, ಬಂದೂಕು ಖಾಲಿ ಎಂದು ತೋರಿಸುವ ಕಿತ್ತಳೆ ಬಣ್ಣದ ಸೇಫ್ಟಿ ಫ್ಲ್ಯಾಗನ್ನು ನಳಿಗೆಗೆ ತೂರಿಸಿ ಹಿಂದೆ ಸರಿಯಬೇಕು. ಆ ಒಂದು ಕೂಗು ಎಲ್ಲರ ಕಿವಿಗೂ ಬಿದ್ದು ತಕ್ಷಣ ಕೆಲಸ ಮಾಡಬೇಕೆಂದರೆ ಅಲ್ಲಿ ಸಂಗೀತವೂ ಗದ್ದಲವೂ ಇರಬಾರದು. ಬಾರ್ ಎಂದ ಮೇಲೆ ಎರಡೂ ಇರುತ್ತವೆ.

ನಾಳೆ ಪರವಾನಗಿ ಬಂದೂಕಿನ ರೇಂಜುಗಳೂ ಇತ್ತ ಬಂದರೆ ಮಾತು ಇನ್ನೂ ಗಂಭೀರವಾಗುತ್ತದೆ. ಅಂಥ ಕಡೆ ಸದಸ್ಯರು ತಮ್ಮ ಸ್ವಂತ ಬಂದೂಕು ತರುತ್ತಾರೆ. ಗುಂಡು ಹಾರಿಸುವುದು ಮುಗಿದರೂ ಬಂದೂಕಿನ ಕೆಲಸ ಮುಗಿದಿರುವುದಿಲ್ಲ. ಅದನ್ನು ಬರಿದು ಮಾಡಿದ್ದೇನೆಂದು ಎರಡು ಸಲ ನೋಡಬೇಕು, ಒರೆಸಬೇಕು, ಉಳಿದ ತೋಟಾಗಳನ್ನು ಎಣಿಸಿ ಬೇರೆ ಪೆಟ್ಟಿಗೆಗೆ ಹಾಕಬೇಕು, ಕಾರಿನಲ್ಲಿಟ್ಟು ಮನೆಗೆ ಒಯ್ಯಬೇಕು, ಮನೆಯಲ್ಲಿ ಬೀಗ ಹಾಕಬೇಕು. ನಡುವೆ ಬಾರಿನಲ್ಲಿ ಒಂದೆರಡು ಗಂಟೆ ಕೂತರೆ ಬಂದೂಕು ಎಲ್ಲಿರುತ್ತದೆ? ಕಾರಿನ ಡಿಕ್ಕಿಯಲ್ಲೋ, ಕುರ್ಚಿಯ ಪಕ್ಕದಲ್ಲೋ? ಆಮೇಲೆ ಆ ಕಾರು ರಾತ್ರಿ 44ನೇ ರಾಷ್ಟ್ರೀಯ ಹೆದ್ದಾರಿಗೆ ಏರಿ ದೇವನಹಳ್ಳಿಯ ಕಡೆ ಹೊರಡುತ್ತದೆ. ಕುಡಿದ ಚಾಲಕ, ಬಂದೂಕು, ತೋಟಾ ಮೂರೂ ಒಂದೇ ಗಾಡಿಯಲ್ಲಿ. ಪಾಯಿಂಟ್ ಟೂಟೂ (.22) ಎಂದು ಹಗುರವಾಗಿ ಮಾತನಾಡುವ ಸಣ್ಣ ಗುಂಡು ಕೂಡ ಬಯಲಿನಲ್ಲಿ ಒಂದು ಕಿಲೋಮೀಟರಿಗಿಂತ ಆಚೆ ಹೋಗಬಲ್ಲದು.

"ಬರೀ ಏರ್‌ಗನ್ ತಾನೇ" ಎಂಬ ಮಾತನ್ನು ನಾನು ಆಗಾಗ ಕೇಳುತ್ತೇನೆ. ನಾಲ್ಕೂವರೆ ಮಿಲಿಮೀಟರಿನ, 20 ಜೂಲ್‌ಗಿಂತ ಕಡಿಮೆ ಶಕ್ತಿಯ ಏರ್ ರೈಫಲ್ಲಿಗೆ ನಮ್ಮಲ್ಲಿ ಪರವಾನಗಿ ಬೇಡ ಎಂಬುದು ನಿಜ. ಕ್ರೀಡೆಯ ದೃಷ್ಟಿಯಿಂದ ಅದು ಒಳ್ಳೆಯ ನಿಯಮವೂ ಹೌದು. ಅದಿಲ್ಲದಿದ್ದರೆ ನಮ್ಮಂಥ ಊರಿನ ಮಕ್ಕಳು ಈ ಆಟದ ಹತ್ತಿರ ಸುಳಿಯುವುದೂ ಕಷ್ಟವಿತ್ತು. ಆದರೆ ಪರವಾನಗಿ ಬೇಡ ಎಂದರೆ ಅಪಾಯವಿಲ್ಲ ಎಂದಲ್ಲ. ಸ್ಪರ್ಧೆಯ ರೈಫಲ್ಲಿನಿಂದ ಪೆಲೆಟ್ ಸೆಕೆಂಡಿಗೆ ನೂರೈವತ್ತು ಮೀಟರಿಗಿಂತ ಹೆಚ್ಚು ವೇಗದಲ್ಲಿ ಹೊರಡುತ್ತದೆ. ಕಣ್ಣಿಗೆ ಬಿದ್ದರೆ ಆ ಕಣ್ಣು ಹೋದಂತೆಯೇ. ಪರವಾನಗಿ ಬಂದೂಕಿನ ಹಿಂದೆ ಪೊಲೀಸು, ಕಡತ, ತರಬೇತಿಯ ಪ್ರಮಾಣಪತ್ರ ಎಲ್ಲ ಇರುತ್ತವೆ. ಏರ್‌ಗನ್ನಿನ ಹಿಂದೆ ಅದನ್ನು ಇಟ್ಟುಕೊಂಡ ಸಂಸ್ಥೆಯ ವಿವೇಕ ಬಿಟ್ಟರೆ ಬೇರೇನೂ ಇರುವುದಿಲ್ಲ. ಹಾಗಾಗಿ ಅಲ್ಲೇ ಹೆಚ್ಚು ಎಚ್ಚರ ಬೇಕು. ಶಿವರಾತ್ರಿಗೆ ನಂದಿಯ ಭೋಗನಂದೀಶ್ವರನ ಜಾತ್ರೆಯಲ್ಲಿ ಹಲಗೆಗೆ ಬಲೂನು ಕಟ್ಟಿ ಏರ್‌ಗನ್ ಕೊಡುವ ಅಂಗಡಿಯವರನ್ನು ನೋಡಿ. ಅವರು ಯಾವ ನಿಯಮಾವಳಿಯನ್ನೂ ಓದಿರಲಿಕ್ಕಿಲ್ಲ, ಆದರೆ ಬಂದೂಕನ್ನು ಕೈಗೆ ಕೊಡುವ ಮುನ್ನ ಹಿಡಿಯುವವನ ಮುಖ ನೋಡುತ್ತಾರೆ, ಹೊಡೆಯುವ ತನಕ ನಳಿಗೆಯ ಮೇಲೆ ಒಂದು ಕೈ ಇಟ್ಟಿರುತ್ತಾರೆ.

ಕೊಡಗಿನ ಉದಾಹರಣೆಯನ್ನು ಕೆಲವರು ಮುಂದಿಡುತ್ತಾರೆ. ಅಲ್ಲಿ ಮನೆಮನೆಯಲ್ಲಿ ಕೋವಿ ಇದೆ, ಹಬ್ಬದೂಟವೂ ಇದೆ, ಏನಾಗಿದೆ ಎನ್ನುತ್ತಾರೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಯನ್ನು ಶುಚಿಮಾಡಿ, ತೋಕ್‌ಪೂ ಹೂವಿನಿಂದ ಸಿಂಗರಿಸಿ ಪೂಜಿಸುವ, ಹಿರಿಯರ ಎದುರಿನಲ್ಲಿ ತೆಂಗಿನಕಾಯಿಗೆ ಗುರಿ ಇಡುವ ಪರಂಪರೆ ಅದು. ಹುಟ್ಟಿನಿಂದ ಕೋವಿಯನ್ನು ಮನೆಯ ಹಿರಿಯನಂತೆ ಕಂಡವರ ಶಿಸ್ತನ್ನು, ಟೋಕನ್ ಕೊಂಡು ಹದಿನೈದು ನಿಮಿಷ ಬಂದೂಕು ಹಿಡಿಯುವ ಜಾಗದ ಸಮರ್ಥನೆಗೆ ಬಳಸುವುದು ಆ ಪರಂಪರೆಗೇ ಅಗೌರವ ಎಂದು ನಾನು ತಿಳಿಯುತ್ತೇನೆ.

ಹಣದ ಮಾತನ್ನೂ ಆಡಿಬಿಡೋಣ. ರೇಂಜೊಂದನ್ನೇ ನಂಬಿ ಲಾಭ ಮಾಡುವುದು ಕಷ್ಟ. ರೈಫಲ್ಲು ದುಬಾರಿ, ಪೆಲೆಟ್ ದುಬಾರಿ, ಎಲೆಕ್ಟ್ರಾನಿಕ್ ಗುರಿ ಇನ್ನೂ ದುಬಾರಿ. ಬಾರಿನ ಆದಾಯ ಬಂದರೆ ಉಸಿರಾಡಬಹುದು ಎಂಬ ಲೆಕ್ಕ ನನಗೆ ಅರ್ಥವಾಗುತ್ತದೆ. ಆದರೆ ಒಂದೆರಡು ವರ್ಷದಲ್ಲಿ ಬಾರಿನ ಗಲ್ಲಾ ರೇಂಜಿನ ಗಲ್ಲಾಕ್ಕಿಂತ ದೊಡ್ಡದಾಗುತ್ತದೆ. ಆಮೇಲೆ ಯಾವಾಗ ಮುಚ್ಚಬೇಕು, ಯಾರನ್ನು ಒಳಗೆ ಬಿಡಬೇಕು ಎಂಬುದನ್ನೆಲ್ಲ ಬಾರೇ ನಿರ್ಧರಿಸುತ್ತದೆ. ಊರಿನ ತಾಯಂದಿರು ಹೆಣ್ಣುಮಕ್ಕಳನ್ನು ಬೆಳಿಗ್ಗೆ ಆರಕ್ಕೆ ಅಭ್ಯಾಸಕ್ಕೆ ಕಳಿಸುವುದನ್ನು ನಿಲ್ಲಿಸುತ್ತಾರೆ. 2024ರ ಪ್ಯಾರಿಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದದ್ದನ್ನು ನೋಡಿದ ಮೇಲೆ ಈ ಆಟದತ್ತ ಕಣ್ಣರಳಿಸಿದ ಹುಡುಗಿಯರು ನಮ್ಮ ಜಿಲ್ಲೆಯಲ್ಲೂ ಇದ್ದಾರೆ; ಅವರಿಗೆ ಬಾಗಿಲು ಮುಚ್ಚುವ ರೇಂಜು ನಮಗೆ ಬೇಕಾಗಿಲ್ಲ. ತಿಂಡಿ, ಕಾಫಿ, ಒಳ್ಳೆಯ ಊಟ, ತರಬೇತಿ ಶಿಬಿರ, ಶಾಲೆಗಳ ಜೊತೆ ಒಪ್ಪಂದ ಇವುಗಳಿಂದ ಬರುವ ಹಣ ನಿಧಾನವಾಗಿ ಬರುತ್ತದೆ ನಿಜ, ಆದರೆ ಬರುತ್ತದೆ.

ನಮ್ಮ ಸರ್ಕಾರಕ್ಕೆ ಈ ವಿವೇಕ ಹೊಸದೇನೂ ಅಲ್ಲ. ಚುನಾವಣೆ ಘೋಷಣೆಯಾದರೆ ಬೆಳೆ ಕಾಯಲು ಪರವಾನಗಿ ಪಡೆದ ರೈತರೂ ಬಂದೂಕನ್ನು ಠಾಣೆಗೆ ಒಪ್ಪಿಸಿ ಬರುತ್ತಾರೆ. ಮತದಾನ ಮುಗಿಯುವ ಹೊತ್ತಿಗೆ ಹಿಂದಿನ 48 ಗಂಟೆ ಮದ್ಯದಂಗಡಿಗಳ ಬಾಗಿಲು ಮುಚ್ಚಿರುತ್ತದೆ. ಬಂದೂಕು ಮತ್ತು ಮದ್ಯವನ್ನು ಜನಜಂಗುಳಿಯಿಂದ ದೂರವಿಡಬೇಕು ಎಂಬುದನ್ನು ಆ ದಿನಗಳಲ್ಲಿ ಎಲ್ಲರೂ ಒಪ್ಪುತ್ತೇವೆ. 2019ರಲ್ಲಿ ಶಸ್ತ್ರಾಸ್ತ್ರ ಕಾಯ್ದೆಗೆ ತಿದ್ದುಪಡಿ ತಂದು, ಸಂಭ್ರಮದ ಹೆಸರಿನಲ್ಲಿ ಇತರರ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸುವವರಿಗೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸುವ ಅವಕಾಶ ಮಾಡಿದ್ದೂ ಇದೇ ಕಾರಣಕ್ಕೆ. ಶಾಲೆ, ದೇವಸ್ಥಾನ, ಆಸ್ಪತ್ರೆಗಳಿಂದ 100 ಮೀಟರಿನೊಳಗೆ ಮದ್ಯದಂಗಡಿ ಇರಬಾರದೆಂಬ ಅಬಕಾರಿ ನಿಯಮವೂ ನಮ್ಮಲ್ಲಿದೆ. ಮಕ್ಕಳು ಬಂದು ಕಲಿಯುವ ಶೂಟಿಂಗ್ ರೇಂಜನ್ನು, ಅದು ಏರ್‌ಗನ್ನಿನದೇ ಆಗಲಿ, ಈ ಪಟ್ಟಿಗೆ ಸೇರಿಸಲು ಅಡ್ಡಿ ಏನೂ ಕಾಣುವುದಿಲ್ಲ. ರೆಸಾರ್ಟುಗಳು ಹೋಟೆಲು ಮತ್ತು ವಸತಿಗೃಹಕ್ಕೆ ಕೊಡುವ ಸಿಎಲ್-7 ಪರವಾನಗಿಗೆ ಅರ್ಜಿ ಹಾಕಿದಾಗ, ಆವರಣದಲ್ಲಿ ಬಂದೂಕಿನ ಆಟವಿದೆಯೇ ಎಂಬ ಒಂದು ಪ್ರಶ್ನೆ ಅರ್ಜಿಯಲ್ಲಿ ಇರಲಿ. ಇದೆ ಎಂದರೆ ಎರಡರಲ್ಲಿ ಒಂದನ್ನು ಮಾತ್ರ ಇಟ್ಟುಕೊಳ್ಳಬೇಕೆಂದು ಜಿಲ್ಲಾಡಳಿತ ಷರತ್ತು ಹಾಕಲಿ. ಈ ಮನವಿಯನ್ನು ನಾಲ್ಕಾರು ತರಬೇತುದಾರರು ಮತ್ತು ಪೋಷಕರು ಸೇರಿ ಬರೆದಿದ್ದೇವೆ. ಶಿಡ್ಲಘಟ್ಟ ರಸ್ತೆಯ ಜಿಲ್ಲಾಡಳಿತ ಭವನಕ್ಕೆ ಹೋಗಿ ಕೊಡುವ ಮುನ್ನ ಇನ್ನಷ್ಟು ಸಹಿಗಳು ಬೇಕಾಗಿವೆ, ಸಹಿ ಮಾಡಲು ಮನಸ್ಸಿರುವವರು ಭಾನುವಾರ ಬೆಳಿಗ್ಗೆ ರೇಂಜಿನ ಹತ್ತಿರ ಬಂದರೆ ಪ್ರತಿಯನ್ನು ಓದಿ ನೋಡಬಹುದು.